ಹಾರಲಾರದ ಹುಳ, ನಾಲ್ಕು ಮಳೆಗಾಲ

ಕಳೆದ ವಾರ ಮೇಲ್ ಬಂತು. ವಿಜ್ಞಾನ ಪತ್ರಿಕೆಗೆ ಕಳಿಸಿದ್ದ ನನ್ನ ಹೊಸ ಪ್ರಭೇದದ ಲೇಖನ ಒಪ್ಪಿಗೆಯಾಗಿದೆ, ಇಂಥ ಸಂಚಿಕೆಯಲ್ಲಿ ಬರುತ್ತದೆ, ಅಷ್ಟೇ. ಓದುವಾಗ ನಾನು ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೀನಿನ ಚೀಲ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಆದರೆ ಪಕ್ಕದಲ್ಲಿ ನಿಂತವರ ಹತ್ತಿರ ನಾಲ್ಕು ಮಿಲಿಮೀಟರ್ ಉದ್ದದ, ಹಾರಲು ಬಾರದ ಜೀರುಂಡೆಯ ಕಥೆ ತೆಗೆದರೆ ಅವರು ಮೆಲ್ಲಗೆ ಆಚೆ ಸರಿಯುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು. ಪಿಎಚ್‌ಡಿ ಇಲ್ಲ, ಪ್ರಾಜೆಕ್ಟ್ ಹಣ ಇಲ್ಲ. ಹೊಸ ಪ್ರಭೇದ ಸಿಕ್ಕಿದರೆ ಮುಂದೇನು ಮಾಡಬೇಕು ಅಂತ ಕನ್ನಡದಲ್ಲಿ ಹುಡುಕಿದಾಗ ನನಗೆ ಕೈಗೆ ಹತ್ತುವಂಥದ್ದು ಏನೂ ಸಿಗಲಿಲ್ಲ. ನಿಮ್ಮಲ್ಲಿ ಯಾರಾದರೂ ಇದೇ ದಾರಿ ಹಿಡಿದರೆ ನನ್ನಷ್ಟು ಎಡವುವುದು ಬೇಡ.

ಶುರುವಾದದ್ದು ಜುಲೈ-ಆಗಸ್ಟಿನ ಒಂದು ಕಕ್ಕಡ ತಿಂಗಳಲ್ಲಿ, ಭಾಗಮಂಡಲದಿಂದ ಆಚೆ, ಪರಿಚಯದ ಅಣ್ಣನೊಬ್ಬರ ಏಲಕ್ಕಿ ಕಾಡಿನಲ್ಲಿ. ವಿದ್ಯಾರ್ಥಿಗಳಿಗೆ ತೋರಿಸಲು ಇರುವೆ ಬೇಕಿತ್ತು. ತರಗೆಲೆ ಬಾಚಿ, ಜರಡಿ ಹಿಡಿದು, ಬಿಳಿ ತಟ್ಟೆಯ ಮೇಲೆ ಉದುರಿಸುತ್ತಿದ್ದೆ. ಕಾಲಲ್ಲಿ ಜಿಗಣೆ. ತಟ್ಟೆಯಲ್ಲಿ ಕಂದು ಬಣ್ಣದ ಒಂದು ಹುಳ ಓಡಿತು. ಬೆರಳು ತಂದ ಕೂಡಲೇ ಚೇಳಿನ ಹಾಗೆ ಹಿಂಭಾಗ ಎತ್ತಿತು. ಇರುವೆ ಅಲ್ಲ, ಗೆದ್ದಲೂ ಅಲ್ಲ. ಅರ್ಧ ಗಂಟೆಯಲ್ಲಿ ಅಂಥ ನಾಲ್ಕು ಸಿಕ್ಕಿದವು.

ಇದು ರೋವ್ ಬೀಟಲ್. ಸ್ಟ್ಯಾಫಿಲಿನಿಡೇ ಕುಟುಂಬದ ಜೀರುಂಡೆ. ಈ ಒಂದೇ ಕುಟುಂಬದಲ್ಲಿ 60,000ಕ್ಕೂ ಜಾಸ್ತಿ ಪ್ರಭೇದಗಳಿವೆ. ಬೇರೆ ಜೀರುಂಡೆಗಳಿಗೆ ಗಟ್ಟಿ ರೆಕ್ಕೆ ಮೈಯನ್ನೆಲ್ಲ ಮುಚ್ಚಿದರೆ ಇವಕ್ಕೆ ಗಿಡ್ಡ ಕುಪ್ಪಸ ತೊಟ್ಟಂತೆ ಬೆನ್ನಿನ ಮೇಲೆ ಮಾತ್ರ. ಹೊಟ್ಟೆ ಪೂರ್ತಿ ಹೊರಗೆ. ಇದರ ಒಂದು ನೆಂಟನನ್ನು ನೀವೂ ನೋಡಿರುತ್ತೀರಿ. ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿಗೆ ಬಂದು ಕುತ್ತಿಗೆ ಮೇಲೆ ಬೀಳುವ ಕೆಂಪು-ಕಪ್ಪು ಪಟ್ಟಿಯ 'ಆಸಿಡ್ ಹುಳ'. ಅದು ಪೀಡೆರಸ್. ಕಚ್ಚುವುದಿಲ್ಲ. ನಾವು ಉಜ್ಜಿ ಸಾಯಿಸಿದಾಗ ಒಳಗಿನ ಪೀಡೆರಿನ್ ಎಂಬ ವಿಷ ಚರ್ಮಕ್ಕೆ ತಾಗಿ ಬೊಬ್ಬೆ ಏಳುತ್ತದೆ. ಉಫ್ ಅಂತ ಊದಿ, ಸೋಪಿನಲ್ಲಿ ತೊಳೆದುಕೊಂಡರೆ ಸಾಕು.

ಆಸಿಡ್ ಹುಳ ಹಾರುತ್ತದೆ. ಆ ಗಿಡ್ಡ ಕುಪ್ಪಸದ ಕೆಳಗೆ ಉದ್ದದ ರೆಕ್ಕೆಯನ್ನು ಸೀರೆ ಮಡಿಸಿದ ಹಾಗೆ ಮಡಿಸಿ ಇಟ್ಟುಕೊಂಡಿರುತ್ತದೆ. ನನ್ನ ಹುಳದ ಕುಪ್ಪಸವನ್ನು ಸೂಜಿಯಿಂದ ಎತ್ತಿ ನೋಡಿದೆ. ಕೆಳಗೆ ಒಂದು ಚೂರು ತುಂಡು, ಅಷ್ಟೇ. ಹೆಗಲೂ ಕಿರಿದು. ಆಮೇಲೆ ತಿಳಿದದ್ದು ಏನಂದರೆ, ಹಾರುವ ಜಾತಿಗಳಿಗೆ ಹೊಟ್ಟೆಯ 7ನೇ ಪಟ್ಟಿಯ ಅಂಚಿನಲ್ಲಿ ಬಿಳಿ ಕೂದಲಿನ ಕುಚ್ಚಿನಂಥ ಸಾಲು ಇರುತ್ತದೆ, ರೆಕ್ಕೆ ಕಳೆದುಕೊಂಡವುಗಳಲ್ಲಿ ಸಾಮಾನ್ಯವಾಗಿ ಅದೂ ಇರುವುದಿಲ್ಲ. ನನ್ನದರಲ್ಲಿ ಇರಲಿಲ್ಲ.

ಬೆಂಗಳೂರಿನಲ್ಲಿ ನಿವೃತ್ತರಾದ ಕೀಟಶಾಸ್ತ್ರದ ಗುರುಗಳೊಬ್ಬರಿಗೆ ಫೋಟೊ ಕಳಿಸಿದೆ. ಸರ್ ಫೋನ್ ಮಾಡಿ ಮೊದಲು ಕೇಳಿದ್ದು, "ಗಂಡು ಇದೆಯಾ?"

"ನಾಲ್ಕು ಇದೆ ಸರ್."

"ನಾಲ್ಕು ಇರಲಿ. ಗಂಡು ಇದೆಯಾ?"

ಈ ಗುಂಪಿನಲ್ಲಿ ಹತ್ತಿರದ ಪ್ರಭೇದಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಗಂಡಿನ ಜನನಾಂಗದ ಆಕಾರದಲ್ಲಿ. ಹೆಣ್ಣು ಮಾತ್ರ ಇಟ್ಟುಕೊಂಡು ಹೊಸದು ಅಂದರೆ ಯಾರೂ ಕೇಳುವುದಿಲ್ಲ. ಗಂಡಿಗೆ ಹೊಟ್ಟೆಯ ಕೆಳಗೆ 8ನೇ ಪಟ್ಟಿಯ ತುದಿಯಲ್ಲಿ ಒಂದು ಕಚ್ಚು ಇರುತ್ತದೆ, ನೋಡು ಅಂದರು. ನೋಡಿದೆ. ನಾಲ್ಕೂ ಹೆಣ್ಣು.

ವಾಪಸ್ ಹೋಗೋಣ ಅಂದರೆ ದಾರಿಯಲ್ಲಿ ಮಣ್ಣು ಕುಸಿದಿತ್ತು. ರಸ್ತೆ ಬಿಡುವಷ್ಟರಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಮುಗಿದಿತ್ತು. ತರಗೆಲೆ ಒಣಗುತ್ತಾ ಬಂದ ಹಾಗೆ ಹುಳ ಮಣ್ಣಿನೊಳಗೆ ಎಲ್ಲಿಗೋ ಇಳಿದುಬಿಟ್ಟಿತು. ಒಂದು ವರ್ಷ ಕಾದೆ. ಆ ವರ್ಷದಲ್ಲಿ ನಾಲ್ಕು ಹೆಣ್ಣುಗಳಲ್ಲಿ ಎರಡಕ್ಕೆ ಬೂಸ್ಟು ಹಿಡಿಯಿತು. ನಮ್ಮ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ಸರ್ಟಿಫಿಕೇಟು ಯಾವುದೂ ಉಳಿಯುವುದಿಲ್ಲ, ಹುಳ ಉಳಿಯುತ್ತದಾ? ಪಿನ್ ಮಾಡಿ ಪೆಟ್ಟಿಗೆಯಲ್ಲಿಡುವುದಾದರೆ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಅದನ್ನು ಬಿಸಿ ಮಾಡಿ ಒಣಗಿಸುವುದು. ಇಷ್ಟು ಮಾಡದಿದ್ದರೆ ಆಲ್ಕೋಹಾಲ್‌ನಲ್ಲೇ ಬಿಡಿ.

ಆಲ್ಕೋಹಾಲ್ ಸಿಗುವುದೂ ಸುಲಭ ಅಲ್ಲ. ಶುದ್ಧ ಎಥನಾಲ್‌ಗೆ ಅಬಕಾರಿ ಲೈಸೆನ್ಸ್ ಬೇಕು. ಒಬ್ಬ ವ್ಯಕ್ತಿಯಾಗಿ ಹೋಗಿ ಕೇಳಿದರೆ ಕೊಡುವುದಿಲ್ಲ. ಕಾಲೇಜಿನ ಲ್ಯಾಬ್ ಮೂಲಕ ತರಿಸಿಕೊಳ್ಳಬೇಕು. ಅಂಗರಚನೆ ನೋಡಲು ಶೇ 70 ಸಾಕು, ಡಿಎನ್‌ಎ ತೆಗೆಯುವುದಾದರೆ ಶೇ 95ರ ಮೇಲೆ ಇರಲಿ.

ಎರಡನೇ ಮಳೆಗಾಲಕ್ಕೆ ತಯಾರಾಗಿ ಹೋದೆ. ವಿಂಕ್ಲರ್ ಚೀಲ ಹೊಲಿಸಿದ್ದೆ. ಜರಡಿ ಹಿಡಿದ ತರಗೆಲೆ ಪುಡಿಯನ್ನು ಬಲೆಯಲ್ಲಿ ತುಂಬಿ ಬಟ್ಟೆಯ ಆಲಿಕೆಯೊಳಗೆ ನೇತುಹಾಕುವುದು, ಅದು ಒಣಗಿದಂತೆ ಹುಳಗಳು ಕೆಳಗಿನ ಬಾಟಲಿಗೆ ಇಳಿಯುತ್ತವೆ. ಎರಡು ಮೂರು ದಿನ ಸಾಕು ಅಂತ ಪುಸ್ತಕದಲ್ಲಿದೆ. ಆ ಪುಸ್ತಕ ಬರೆದವರು ಜುಲೈನಲ್ಲಿ ಭಾಗಮಂಡಲಕ್ಕೆ ಬಂದಿರಲಿಕ್ಕಿಲ್ಲ. ಐದು ದಿನ ಆದರೂ ಒದ್ದೆ. ಬಲ್ಬಿನ ಶಾಖ ಕೊಡೋಣ ಅಂದರೆ ಕರೆಂಟ್ ಇಲ್ಲ. ಕೊನೆಗೆ ಅಡುಗೆಮನೆಯ ಒಲೆ ಮೇಲೆ ಕಟ್ಟಿದೆ. ಅಮ್ಮ ನೋಡಿ, "ಹಂದಿ ಮಾಂಸ ಒಣಗಿಸುವ ಜಾಗದಲ್ಲಿ ಕಾಡಿನ ಕಸ ಕಟ್ಟಿದ್ದೀಯಲ್ಲೋ" ಅಂತ ಬೈದರು. ಬಾಟಲಿಗೆ ಒಂದು ಹುಳವೂ ಬೀಳಲಿಲ್ಲ. ಹೊಗೆಗೆ ಎಲ್ಲ ಒಳಗೇ ಸತ್ತಿದ್ದವು.

ನಮ್ಮ ಹವೆಗೆ ಜರಡಿ, ಬಿಳಿ ತಟ್ಟೆ, ಒದ್ದೆ ಕುಂಚ ಇಷ್ಟೇ ಸರಿ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರಬೇಕು. ಬಾಯಿಂದ ಎಳೆಯುವ ಕೊಳವೆಯಲ್ಲಿ ಹುಳ ಹಿಡಿಯುವ ಅಭ್ಯಾಸ ಇದ್ದವರು ರೋವ್ ಬೀಟಲ್‌ಗೆ ಮಾತ್ರ ಅದನ್ನು ಬಳಸಬೇಡಿ. ಇವು ಹಿಂಭಾಗದಿಂದ ಘಾಟಿನ ರಸ ಬಿಡುತ್ತವೆ. ನಾನು ಅರ್ಧ ದಿನ ಕೆಮ್ಮಿದ್ದೇನೆ.

ಆ ಮಳೆಗಾಲದಲ್ಲಿ ಏಳು ಸಿಕ್ಕಿದವು. ಎರಡು ಗಂಡು.

ಈಗ ಹೇಳುವುದು ನನ್ನ ಜೀವನದ ಅತಿ ಕೆಟ್ಟ ಭಾನುವಾರ. ಗಂಡನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಹೊಟ್ಟೆಯ ತುದಿಯಿಂದ ಜನನಾಂಗವನ್ನು ಎಳೆದು ತೆಗೆದು, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ತಿಳಿಯಾಗಿಸಿ, ಗ್ಲಿಸರಿನ್‌ಗೆ ಹಾಕಬೇಕು. ಅರ್ಧ ಮಿಲಿಮೀಟರ್ ಸುಮಾರಿನ ವಸ್ತು. ತೆಗೆದಾಗಿತ್ತು. ಚಿಮುಟದ ತುದಿಯಲ್ಲಿತ್ತು. ಚಿಮುಟ ಸ್ವಲ್ಪ ಬಿಗಿಯಾಯಿತು. ಟಿಕ್ ಅಂತ ಹಾರಿತು. ಎಲ್ಲಿಗೆ ಅಂತ ಗೊತ್ತಿಲ್ಲ. ಮೇಜು, ಅಂಗಿಯ ತೋಳು, ನೆಲ ಎಲ್ಲ ಒದ್ದೆ ಕುಂಚದಲ್ಲಿ ಸವರಿದೆ. ಸಂಜೆಯ ತನಕ ಹುಡುಕಿದೆ. ಹಾರಲಾರದ ಹುಳದಲ್ಲಿ ಹಾರಿದ್ದು ಅದೊಂದೇ. ನನಗೆ ಗೊತ್ತಿದ್ದ ಮಟ್ಟಿಗೆ ಜಗತ್ತಿನಲ್ಲಿ ಆ ಪ್ರಭೇದದ ಎರಡು ಗಂಡು ಕೈಗೆ ಸಿಕ್ಕಿದ್ದವು. ಅದರಲ್ಲಿ ಒಂದರ ಮುಖ್ಯ ಭಾಗ ನಮ್ಮ ಮನೆಯ ಸಿಮೆಂಟ್ ನೆಲದ ಬಿರುಕಿನಲ್ಲಿ ಎಲ್ಲೋ ಇದೆ.

ಎರಡನೆಯದನ್ನು ಮುಟ್ಟಲಿಲ್ಲ. ತಿಂಗಳುಗಟ್ಟಲೆ ಸಾಮಾನ್ಯ ರೋವ್ ಬೀಟಲ್‌ಗಳ ಮೇಲೆ ಕೈ ಪಳಗಿಸಿದೆ, ಸಗಣಿಯಲ್ಲಿ ಸಿಗುವಂಥವು, ಎಷ್ಟು ಬೇಕಾದರೂ ಇವೆ. ಕೆಲಸ ಮಾಡುವಾಗ ಸುತ್ತ ನೀರು ತುಂಬಿದ ಗಾಜಿನ ತಟ್ಟೆಯೊಳಗೇ ಮಾಡಿ. ನೀರಿನೊಳಗಿದ್ದರೆ ಚಿಮ್ಮಿದರೂ ದೂರ ಹೋಗುವುದಿಲ್ಲ. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ! ಎರಡನೆಯ ಗಂಡು ಸರಿಯಾಗಿ ಬಂತು. ಅದೇ ಈಗ ಹೋಲೋಟೈಪ್, ಅಂದರೆ ಆ ಹೆಸರು ಯಾವುದಕ್ಕೆ ಸೇರಿದ್ದು ಅಂತ ಜಗಳ ಬಂದರೆ ತೆಗೆದು ನೋಡಬೇಕಾದ ಒಂದೇ ಒಂದು ಮಾದರಿ.

ಮುಂದಿನದು ಹಳೆ ಪುಸ್ತಕಗಳ ಕಾಲ. ಹೊಸದು ಅಂತ ಹೇಳಬೇಕಾದರೆ ಹಿಂದೆ ಯಾರೂ ಇದಕ್ಕೆ ಹೆಸರಿಟ್ಟಿಲ್ಲ ಅಂತ ತೋರಿಸಬೇಕು. ಇಡೀ ಕೆಲಸದಲ್ಲಿ ಜಾಸ್ತಿ ದಿನ ತಿಂದದ್ದು ಇದು. ಭಾರತದ ರೋವ್ ಬೀಟಲ್‌ಗಳ ಬಗ್ಗೆ ಈಗಲೂ ಮೊದಲು ತೆರೆಯಬೇಕಾದದ್ದು ಮಾಲ್ಕಂ ಕ್ಯಾಮರಾನ್ ಬರೆದ 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಸರಣಿಯ ಸಂಪುಟಗಳು, 1930ರಿಂದ 1939ರ ನಡುವೆ ಬಂದವು. ಆತ ಬ್ರಿಟಿಷ್ ನೌಕಾಪಡೆಯ ಡಾಕ್ಟರ್. ಅಷ್ಟು ಸಾವಿರ ಹುಳಗಳನ್ನು ಒಬ್ಬನೇ ಹೇಗೆ ನೋಡಿದ ಅಂತ ನನಗೆ ಇವತ್ತಿಗೂ ಆಶ್ಚರ್ಯ. ತೊಂದರೆ ಏನಂದರೆ, ಬಣ್ಣ, ಚುಕ್ಕೆ, ತಲೆಯ ಅಗಲ ಎಲ್ಲ ಬರೆದಿದ್ದಾನೆ, ಜನನಾಂಗದ ಚಿತ್ರ ಮಾತ್ರ ಸಿಗುವುದಿಲ್ಲ. "ಮುಂಚಿನದಕ್ಕೆ ಹೋಲುತ್ತದೆ, ಆದರೆ ಇನ್ನೂ ಕಿರಿದು" ಎಂಬ ಧಾಟಿಯ ವಿವರಣೆ ಓದಿ ಏನು ತೀರ್ಮಾನ ಮಾಡುತ್ತೀರಿ?

ಆ ಹುಳಗಳ ಮೂಲ ಮಾದರಿಗಳು ಇರುವುದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ. ನನ್ನದಕ್ಕೆ ಹತ್ತಿರ ಅನ್ನಿಸಿದ ಮೂರು ಪ್ರಭೇದಗಳ ಫೋಟೊ ಕೇಳಿ ಬರೆದೆ. ಕೇಳುವಾಗ "ಫೋಟೊ ಕಳಿಸಿ" ಅಂತ ಸುಮ್ನೆ ಬರೆಯಬೇಡಿ. ಯಾವ ಪ್ರಭೇದ, ಯಾವ ಕೋನ, ಲೇಬಲ್‌ಗಳ ಫೋಟೊವೂ ಬೇಕು ಅಂತ ಪಟ್ಟಿ ಮಾಡಿ. ಕೆಲವು ತಿಂಗಳು ಕಾದೆ. ಬಂದಾಗ, ಕೆಂಪು ಅಂಚಿನ ಗುಂಡು ಲೇಬಲ್ ಚುಚ್ಚಿದ ಆ ಸಣ್ಣ ಹುಳವನ್ನು ಮೊಬೈಲ್ ಪರದೆಯಲ್ಲಿ ನೋಡಿ ಕೈ ನಡುಗಿತು. ನೂರು ವರ್ಷದ ಹಿಂದೆ ನಮ್ಮ ಬೆಟ್ಟಗಳ ಕಡೆಯಿಂದಲೇ ಹಡಗು ಹತ್ತಿದ ಹುಳ. ಅದರ ಕುಪ್ಪಸ ಉದ್ದ, ಹೆಗಲು ಅಗಲ. ಹಾರುವ ಜಾತಿ. ನನ್ನದಲ್ಲ.

ಹಳೆ ಲೇಬಲ್‌ಗಳಲ್ಲಿ ಊರಿನ ಹೆಸರು ಓದುವುದೂ ಒಂದು ವಿದ್ಯೆ. ಕೊಡಗು 'ಕೂರ್ಗ್', ಮಡಿಕೇರಿ 'ಮರ್ಕಾರಾ'. 'ಶೆಂಬಗನೂರ್' ಅಂತ ಕಂಡರೆ ಕೊಡೈಕೆನಾಲ್ ಹತ್ತಿರದ್ದು.

ನನ್ನ ಹುಳವನ್ನೇ ಹೊರದೇಶದ ತಜ್ಞರಿಗೆ ಪಾರ್ಸೆಲ್ ಮಾಡಿಬಿಡೋಣ ಅಂತ ಒಮ್ಮೆ ಅನ್ನಿಸಿತ್ತು. ಸರ್ ತಡೆದರು. 2002ರ ಜೀವವೈವಿಧ್ಯ ಕಾಯ್ದೆ ಇದೆ. ಮಾದರಿಗಳನ್ನು ದೇಶದಿಂದ ಹೊರಗೆ ಕಳಿಸುವ ಮೊದಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡಿ, ಬೇಕಾದ ಒಪ್ಪಿಗೆ ಪಡೆಯಬೇಕು. ಫೋಟೊ ಕಳಿಸಿದರೆ ಈ ತಲೆಬಿಸಿ ಇಲ್ಲ. ನಾನು ಅಷ್ಟಕ್ಕೇ ನಿಲ್ಲಿಸಿದೆ.

ಹೀಗೆ ಮೂರನೇ ಮಳೆಗಾಲ ಬಂತು. ಏಲಕ್ಕಿ ಕಾಡು ಖಾಸಗಿ ಜಾಗ. ಅದರ ಮೇಲಿನ ಬೆಟ್ಟ ವನ್ಯಜೀವಿ ಧಾಮ. ಅಲ್ಲೂ ಈ ಹುಳ ಇದೆಯಾ ಅಂತ ನೋಡಬೇಕಿತ್ತು. ಧಾಮದೊಳಗೆ ಒಂದು ಎಲೆ ಎತ್ತಬೇಕಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ನನ್ನ ಅರ್ಜಿ ಎರಡು ಸಲ ವಾಪಸ್ ಬಂತು, ತಪ್ಪು ನನ್ನದೇ. ಯಾವ ವಲಯ, ಯಾವ ವಿಧಾನ, ಎಷ್ಟು ಮಾದರಿ, ಯಾವ ತಿಂಗಳು ಅಂತ ಬರೆದಿರಲಿಲ್ಲ. 'ಜೀರುಂಡೆ ಸಂಗ್ರಹ' ಅಂತ ಮಾತ್ರ ಇತ್ತು. ಮೂರನೇ ಸಲ ಸರಿಯಾಯಿತು. ಒಬ್ಬ ಗಾರ್ಡ್ ಜೊತೆ ಮೂರು ದಿನ ಹತ್ತಿದೆ. ಮೇಲೆ ಸಿಕ್ಕಿದ ಗಂಡಿನ ಜನನಾಂಗದ ತುದಿ ಬೇರೆ ಥರ ಬಾಗಿತ್ತು. ಹಾರಲು ಬಾರದಿದ್ದರೆ ಹೀಗೇ. ಒಂದು ಬೆಟ್ಟದ್ದು ಇನ್ನೊಂದು ಬೆಟ್ಟಕ್ಕೆ ಹೋಗುವುದಿಲ್ಲ, ನೆಂಟಸ್ತನ ತಪ್ಪಿ ಕಾಲ ಕಳೆದಂತೆ ಬೇರೆಯೇ ಆಗುತ್ತವೆ. ಆ ಬಾಟಲಿಯನ್ನು ಪಕ್ಕಕ್ಕಿಟ್ಟಿದ್ದೇನೆ. ಈಗ ಅದರ ಬಗ್ಗೆ ಯೋಚಿಸುವ ಶಕ್ತಿ ಇಲ್ಲ.

ಡಿಎನ್‌ಎ ವಿಷಯ ಬೇಗ ಮುಗಿಸುತ್ತೇನೆ. ಹುಳದ ಒಂದು ಕಾಲು ಕಿತ್ತು ಕೊಟ್ಟರೆ ಸಾಕು. ಪ್ರಭೇದ ಗುರುತಿಸಲು ಬಳಸುವ, ಬಾರ್‌ಕೋಡ್ ಅನ್ನುವ ಸಿಒಐ ಜೀನಿನ 658 ಅಕ್ಷರಗಳ ತುಂಡನ್ನು ಓದಿಸುತ್ತಾರೆ. ನನಗೆ ಒಂದು ಮಾದರಿಗೆ 2,000 ರೂಪಾಯಿ ಹತ್ತಿರ ಬಿತ್ತು. ಕೊರಿಯರ್‌ನವರು ಆಲ್ಕೋಹಾಲ್ ಇರುವ ಪಾರ್ಸೆಲ್ ಮುಟ್ಟಲಿಲ್ಲ, ನಾನೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊತ್ತೊಯ್ದೆ. ಮೊದಲ ಫಲಿತಾಂಶ ನೋಡಿದರೆ ವೋಲ್ಬಾಕಿಯಾ! ಹುಳದ ಮೈಯೊಳಗೆ ವಾಸಿಸುವ ಬ್ಯಾಕ್ಟೀರಿಯಾದ ಡಿಎನ್‌ಎ ಓದಿದ್ದರು. ಕೀಟಗಳಲ್ಲಿ ಹೀಗಾಗುವುದುಂಟಂತೆ. ಎರಡನೇ ಸಲ ಸರಿ ಬಂತು, ಯಾವುದರ ಜೊತೆಗೂ ಹೊಂದಲಿಲ್ಲ. ಅದಕ್ಕೆ ಕುಣಿಯಬೇಡಿ. ನಮ್ಮ ಕಡೆಯ ರೋವ್ ಬೀಟಲ್‌ಗಳಲ್ಲಿ ಹೆಚ್ಚಿನವುಗಳ ಡಿಎನ್‌ಎ ಯಾರೂ ಓದಿಯೇ ಇಲ್ಲ. ಹೊಂದದಿರುವುದು ದೊಡ್ಡ ಸುದ್ದಿ ಅಲ್ಲ.

ನಾನು ಕನಸಿನಲ್ಲೂ ಎಣಿಸದ ತೊಡಕು ಬಂದದ್ದು ಜಾಗದ ಯಜಮಾನರಿಂದ. ಮೊದಲಿನಿಂದ ಕಾಫಿ ಕೊಟ್ಟು, ಅಕ್ಕಿರೊಟ್ಟಿ ತಿನ್ನಿಸಿ, ಜರಡಿ ಹಿಡಿಯಲು ಜನ ಕೊಟ್ಟವರು ಅವರೇ. ಜಾಗದವರ ಒಪ್ಪಿಗೆ ಪತ್ರ ಬೇಕು ಅಂತ ಪತ್ರಿಕೆಯವರು ಕೇಳಿದಾಗ ಒಂದು ಹಾಳೆ ಹಿಡಿದು ಹೋದೆ. ಅವರು ಓದಿ ಮಡಚಿ ಜಗಲಿ ಮೇಲೆ ಇಟ್ಟರು.

"ಮಾಸ್ಟ್ರೇ, ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಕೊಬೇಡಿ. ಜಗತ್ತಿನಲ್ಲಿ ಎಲ್ಲೂ ಇಲ್ಲದ ಹುಳ ನನ್ನ ಜಾಗದಲ್ಲಿದೆ ಅಂತ ಬರೆದರೆ, ನಾಳೆ ಅರಣ್ಯದವರು ಬಂದು ಜಾಗ ಬಿಡಿ ಅಂತಾರಾ?"

ನಗುವ ಪ್ರಶ್ನೆ ಅಲ್ಲ. 2013ರಲ್ಲಿ ಪಶ್ಚಿಮ ಘಟ್ಟದ ಬಗ್ಗೆ ಕಸ್ತೂರಿರಂಗನ್ ವರದಿ ಬಂದಾಗಿನಿಂದ ನಮ್ಮ ಕಡೆ ಸೂಕ್ಷ್ಮ ಪ್ರದೇಶ ಅನ್ನುವ ಮಾತು ಎತ್ತಿದರೆ ಸಾಕು, ಮಾತು ನಿಂತುಹೋಗುತ್ತದೆ. ಒಂದು ಹುಳಕ್ಕೆ ಹೆಸರು ಬಂದ ಮಾತ್ರಕ್ಕೆ ಕಾನೂನಿನ ರಕ್ಷಣೆ ಬರುವುದಿಲ್ಲ, ವನ್ಯಜೀವಿ ಕಾಯ್ದೆಯ ಪಟ್ಟಿಗೆ ಸೇರಿದರೆ ಮಾತ್ರ ಅಂತ ವಿವರಿಸಿದೆ. ತಲೆ ಆಡಿಸಿದರು. ಸಹಿ ಹಾಕಲಿಲ್ಲ. "ನಮ್ಮ ಮನೆ ಹೆಸರು, ತೋಟದ ಹೆಸರು ಎಲ್ಲೂ ಬರಬಾರದು" ಅಂದರು.

ಇತ್ತ ನೋಡಿದರೆ ಹುಳ ಸಿಕ್ಕಿದ ಜಾಗವನ್ನು ಆದಷ್ಟು ಖಚಿತವಾಗಿ ಬರೆಯಬೇಕು ಅಂತ ಪತ್ರಿಕೆಗಾಗಿ ಲೇಖನ ಪರಿಶೀಲಿಸುವ ವಿಮರ್ಶಕರು. ಅದೂ ಹಾರದ ಹುಳ, ಆ ಜಾಗವೇ ಅದರ ಪ್ರಪಂಚ. ಮೂರು ಸಲ ಹೋಗಿ ಕೂತೆ. ಕೊನೆಗೆ ಒಂದು ದಾರಿ ಸಿಕ್ಕಿತು. ಲೇಖನದಲ್ಲಿ ಗ್ರಾಮ, ಎತ್ತರ, ಮತ್ತೆ ಅಕ್ಷಾಂಶ ರೇಖಾಂಶದ ನಿಮಿಷದ ತನಕ ಮಾತ್ರ. ಒಂದು ನಿಮಿಷ ಅಂದರೆ ನೆಲದ ಮೇಲೆ 1.8 ಕಿಲೋಮೀಟರ್ ಸುಮಾರು, ಅದರೊಳಗೆ ಎಷ್ಟೋ ತೋಟಗಳಿವೆ. ನಿಖರ ಗುರುತು ಸಂಗ್ರಹಾಲಯದ ದಾಖಲೆಯಲ್ಲಿ. ಆಗ ಸಹಿ ಬಿತ್ತು. ಈ ಪತ್ರವನ್ನು ಮೊದಲ ದಿನವೇ ಮಾಡಿಸಿಕೊಳ್ಳಿ, ಸ್ನೇಹ ಇದೆ ಅಂತ ಬಿಡಬೇಡಿ.

ಬರೆಯುವುದಕ್ಕೆ ಒಂದು ಬೇಸಿಗೆ ಹೋಯಿತು. ಒಂದು ವಿಷಯ ನೆನಪಿಡಿ: ರೋವ್ ಬೀಟಲ್‌ನ ಪೂರ್ತಿ ಉದ್ದವನ್ನು ನಂಬಬೇಡಿ. ಹೊಟ್ಟೆ ದುರ್ಬೀನಿನ ಕೊಳವೆಯಂತೆ ಒಳಗೆ ಹೊರಗೆ ಹೋಗುತ್ತದೆ. ಬಾಯಿಯಿಂದ ಕುಪ್ಪಸದ ಅಂಚಿನ ತನಕದ ಅಳತೆಯನ್ನೂ ಕೊಡಿ. ನಾನು ಕೊಟ್ಟಿರಲಿಲ್ಲ, ಹನ್ನೊಂದು ಹುಳಗಳನ್ನೂ ಮತ್ತೆ ಅಳೆದೆ. ಇನ್ನೊಂದು, ನಿಮ್ಮ ಮೇಲ್ ವಿಳಾಸ ಎಲ್ಲಾದರೂ ಸಿಕ್ಕಿದರೆ "ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಹಣ ಕಟ್ಟಿ" ಅನ್ನುವ ಪತ್ರಿಕೆಗಳು ಮುತ್ತಿಕೊಳ್ಳುತ್ತವೆ. ಅಳಿಸಿಬಿಡಿ. ಜೂಟ್ಯಾಕ್ಸಾದಂಥ ಒಳ್ಳೆ ಪತ್ರಿಕೆಯಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಡಬೇಕು ಅಂದರೆ ಮಾತ್ರ ಶುಲ್ಕ. ನನ್ನ ಲೇಖನವನ್ನು ಮೊದಲು ಕಳಿಸಿದ ಪತ್ರಿಕೆ ಐದು ತಿಂಗಳು ಇಟ್ಟುಕೊಂಡು ಎರಡು ಸಾಲಿನಲ್ಲಿ ಬೇಡ ಅಂದಿತು. ಎರಡನೆಯದು ದೊಡ್ಡ ತಿದ್ದುಪಡಿ ಕೇಳಿ ಒಪ್ಪಿತು.

ಹೆಸರು? ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಅಮ್ಮನಿಗೆ ಕಾವೇರಮ್ಮನ ಹೆಸರು ಬೇಕು. ಮಗಳಿಗೆ ಅವಳದೇ ಬೇಕು. ನನ್ನ ಹೆಸರನ್ನು ನಾನೇ ಇಡುವುದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ, ಆದರೆ ಜನ ನಗುತ್ತಾರೆ. ವಿಶೇಷಣದ ಥರ ಹೆಸರಿಟ್ಟರೆ ಅದರ ಲಿಂಗ ಕುಲದ, ಅಂದರೆ ಜೀನಸ್‌ನ, ಹೆಸರಿನ ಲಿಂಗಕ್ಕೆ ಹೊಂದಬೇಕು. ನಾಮಪದವಾಗಿಟ್ಟರೆ ಆ ರಗಳೆ ಇಲ್ಲ. ಏನಿಟ್ಟೆ ಅಂತ ಈಗ ಹೇಳುವುದಿಲ್ಲ. ಲೇಖನ ಅಚ್ಚಾಗುವ ಮುಂಚೆ ಹೆಸರು ಬೇರೆಲ್ಲೋ ಬಂದರೆ ಗೊಂದಲ. ಊರಿನ ವರದಿಗಾರರು ಎರಡು ಸಲ ಫೋನ್ ಮಾಡಿದ್ದಾರೆ, ಅವರಿಗೂ ಹೇಳಿಲ್ಲ. ಲೇಖನ ಆನ್‌ಲೈನ್‌ನಲ್ಲಿ ಮಾತ್ರ ಬರುವುದಾದರೆ ಮೊದಲೇ ಜೂಬ್ಯಾಂಕ್ ಅನ್ನುವ ಪ್ರಾಣಿಗಳ ಹೆಸರಿನ ಆನ್‌ಲೈನ್ ದಾಖಲೆಯಲ್ಲಿ ನೋಂದಾಯಿಸಿ, ಅದರ ಗುರುತು ಲೇಖನದಲ್ಲಿ ಇರಬೇಕು. 2012ರಿಂದ ಈ ನಿಯಮ ಇದೆ. ಇಲ್ಲದಿದ್ದರೆ ಹೆಸರು ಲೆಕ್ಕಕ್ಕಿಲ್ಲ.

ಹೊಸ ಪ್ರಭೇದದ ಮಾದರಿಯನ್ನು ನಿಗದಿಯಾದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು ಅಂತ ಅದೇ ಜೀವವೈವಿಧ್ಯ ಕಾಯ್ದೆಯ 39ನೇ ಕಲಂ ಹೇಳುತ್ತದೆ. ಕೊಲ್ಕತ್ತಾ ತನಕ ಹೋಗಬೇಕೇನೋ ಅಂತ ಹೆದರಿದ್ದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮ ಘಟ್ಟ ಕೇಂದ್ರ ಕೋಝಿಕೋಡಿನಲ್ಲಿದೆ, ನಮಗೆ ಅದೇ ಹತ್ತಿರ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು, ತಲಶ್ಶೇರಿಯಲ್ಲಿ ರೈಲು ಹತ್ತಿದೆ. ಪೆಟ್ಟಿಗೆಯನ್ನು ಮಗು ಹಿಡಿದ ಹಾಗೆ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಘಾಟಿಯ ಪ್ರತಿ ತಿರುವಿನಲ್ಲೂ ಪಿನ್ ಸಡಿಲವಾಯಿತೇನೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ನೋಂದಣಿ ಸಂಖ್ಯೆ ಬರೆದುಕೊಟ್ಟ ಚೀಟಿ ಈಗ ನನ್ನ ಪರ್ಸಿನಲ್ಲಿದೆ. ಹಳೆ ಮೈಕ್ರೋಸ್ಕೋಪಿಗೆ ಕೊಟ್ಟ 42,000 ಸೇರಿ ನಾಲ್ಕು ವರ್ಷದಲ್ಲಿ ಒಂದು ಲಕ್ಷ ದಾಟಿದೆ. ಮನೆಯಲ್ಲಿ ಪೂರ್ತಿ ಲೆಕ್ಕ ಹೇಳಿಲ್ಲ.

ನಿನ್ನೆ ಏಲಕ್ಕಿ ಕಾಡಿನ ಅಣ್ಣನ ಮನೆಗೆ ಹೋಗಿ ಲೇಖನದ ಕರಡು ತೋರಿಸಿದೆ. ಕನ್ನಡಕ ಹಾಕಿಕೊಂಡು, ಜಗಲಿಯ ಬೆಳಕಿಗೆ ಹಿಡಿದು, ಒಂದೊಂದೇ ಪುಟ ತಿರುಗಿಸಿದರು. ಹುಳದ ದೊಡ್ಡ ಫೋಟೊ ಬಂದಾಗ ಅಕ್ಕನನ್ನೂ ಕರೆದು ತೋರಿಸಿದರು. ಧನ್ಯವಾದದ ಪುಟಕ್ಕೆ ಬಂದು ಬೆರಳಿಟ್ಟು ಓದಿದರು. 'ಜಾಗದ ಮಾಲೀಕರು' ಅಂತ ಮಾತ್ರ ಇತ್ತು, ಅವರೇ ಹೇಳಿದ ಹಾಗೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಲ್ಲ ಮಾಸ್ಟ್ರೇ, ಇಷ್ಟೆಲ್ಲ ಆಗಿ ನಮ್ಮ ಮನೆ ಹೆಸರು ಹಾಕ್ಲೇ ಇಲ್ವಲ್ಲ?"